ಸಕ್ಕರೆ ಸುಂಕ ಇಳಿದರೆ: ಕಬ್ಬು ಹಾಕೋದೋ, ಮುಸುಕಿನ ಜೋಳವೋ?

ಚನ್ನರಾಯಪಟ್ಟಣದ ಕಡೆ ಹೇಮಾವತಿ ನಾಲೆ ನೀರಿರುವವರು ಕಬ್ಬು ನೆಡುವ ಮುಂಚೆ ಆಮದು ಸುಂಕದ ಕಡೆಗೂ ಒಮ್ಮೆ ನೋಡಬೇಕು.

2018ರ ಫೆಬ್ರವರಿಯಲ್ಲಿ ಸಕ್ಕರೆ ಸುಂಕ 50ರಿಂದ 100 ಪರ್ಸೆಂಟಿಗೆ ಏರಿತು. ಹೊರದೇಶದಲ್ಲಿ ಕೆಜಿಗೆ 30 ರೂಪಾಯಿಗೆ ಸಿಕ್ಕರೂ ಬಂದರು ದಾಟುವಷ್ಟರಲ್ಲಿ 60 ಆಗುತ್ತದೆ. ಸುಂಕ ಇಳಿಸಿದರೆ ಕೊಳ್ಳುವವರಿಗೆ ಸ್ವಲ್ಪ ಉಳಿಯುತ್ತದೆ, ನಿಜ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಸರ್ಕಾರವೇ ನಿಗದಿ ಮಾಡೋದು, ಅದು ಕೂಡಲೇ ಬೀಳುವುದಿಲ್ಲ. ಪೆಟ್ಟು ಬೀಳೋದು ಪೇಮೆಂಟಿಗೆ. 14 ದಿನದೊಳಗೆ ದುಡ್ಡು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೆ ಹೊರಗಿನ ಅಗ್ಗದ ಸಕ್ಕರೆ ಬಂದು ಇಲ್ಲಿನ ರೇಟು ಬಿದ್ದು ಕಾರ್ಖಾನೆ ಕೈ ಖಾಲಿಯಾದರೆ ಬಾಕಿ ಬೆಳೆಯುತ್ತದೆ. ಅಷ್ಟರಲ್ಲಿ ಕಟಾವಿನ ಕೂಲಿ, ಗೊಬ್ಬರದ ಸಾಲ ಎರಡೂ ರೈತನ ತಲೆ ಮೇಲೆ. ಕಟಾವಾದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆ ಬೇರೆ ಇರುತ್ತದೆ, ಎರಡು ಮೂರು ವರ್ಷ ಗದ್ದೆ ಬಿಡಿಸಿಕೊಳ್ಳೋದು ಕಷ್ಟ.

ಮುಸುಕಿನ ಜೋಳಕ್ಕೆ ಬೆಂಬಲ ಬೆಲೆ ಇದ್ದರೂ ವ್ಯಾಪಾರಿ ಅಷ್ಟೇ ಕೊಡಬೇಕೆಂಬ ಕಾನೂನಿಲ್ಲ. ಆಮದು ಸಡಿಲವಾದರೆ ಮಂಡಿ ರೇಟು ಬೇಗ ಇಳಿಯುತ್ತದೆ. ಆದರೆ ನಾಲ್ಕು ತಿಂಗಳ ಬೆಳೆ, ಮುಂದಿನ ಸಲ ಬೇರೆ ಹಾಕಬಹುದಲ್ವಾ?

ನೀರು ಖಾತ್ರಿ ಇದ್ದು ಒಂದು ವರ್ಷ ದುಡ್ಡು ತಡವಾದರೂ ತಡೆದುಕೊಳ್ಳುವವರಿಗೆ ಕಬ್ಬೇ ಸರಿ. ಬ್ಯಾಂಕ್ ಕಂತು ಕುತ್ತಿಗೆಗೆ ಬಂದಿರುವವರು ಜೋಳ ಹಾಕಿ.