ಅಂಗಿಯ ಬಣ್ಣ ಬದಲಾದರೆ ಸಾಲದು: ಅಪಾರ್ಟ್‌ಮೆಂಟ್ ನಿರ್ವಹಣೆ ಕಂಪನಿಗಳ ಸೇವೆ ಹೇಗಿದೆ?

ಬೆಂಗಳೂರಿನಲ್ಲಿ ನೂರಿನ್ನೂರು ಮನೆಗಳ ಅಪಾರ್ಟ್‌ಮೆಂಟಿಗೆ ನಿರ್ವಹಣೆ ಕಂಪನಿಗಳು ಕೊಡುವುದು ಬಹುಪಾಲು ಒಂದೇ ಸರಕು. ಎಸ್ಟೇಟ್ ಮ್ಯಾನೇಜರ್, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಪ್ಲಂಬರ್, ಎಲೆಕ್ಟ್ರಿಷಿಯನ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಆಪರೇಟರ್; ಇವರ ಸಂಬಳದ ಮೇಲೆ ಸರ್ವಿಸ್ ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ 18% ಜಿಎಸ್‌ಟಿ. ಕಂಪನಿ ಬದಲಾದ ಮರುದಿನ ಗೇಟಿನಲ್ಲಿ ಅದೇ ಮುಖ, ಬೇರೆ ಬಣ್ಣದ ಅಂಗಿ ಕಂಡರೆ ಅಚ್ಚರಿಪಡಬೇಡಿ. ಲಾಬಿ ಗುಡಿಸಿಲ್ಲ, ಫೋನ್ ಎತ್ತುವುದಿಲ್ಲ ಎನ್ನುವ ದೂರುಗಳಿಗೆ ಮ್ಯಾನೇಜರನ್ನು ಬದಲಿಸಿ ನೋಡುವುದೇ ವಾಸಿ. ಕಂಪನಿಯನ್ನೇ ಬಿಡಬೇಕೇ ಎಂದು ತೀರ್ಮಾನಿಸಲು ವಾಟ್ಸಾಪ್ ಗ್ರೂಪಿನ ಗದ್ದಲ ಬದಿಗಿಟ್ಟು ದಾಖಲೆ ತೆರೆಯಿರಿ.

ಮೊದಲು ಸಂಬಳದ ಕಡತ. ಹಗಲೂ ರಾತ್ರಿ ಕಾಯುವ ಒಂದು ಗೇಟಿಗೆ ಎಂಟು ಗಂಟೆ ಪಾಳಿಯಲ್ಲಿ ವಾರಕ್ಕೆ 21 ಪಾಳಿ. ವಾರದ ರಜೆ ಕಳೆದರೆ ಒಬ್ಬರು ಮಾಡುವುದು ಆರು. ಅಂದರೆ ಬೇಕಾದದ್ದು ಮೂರು ಜನವಲ್ಲ, ಮೂರೂವರೆ. ಆ ಅರ್ಧ ಆಳಿಗೂ ಬಿಲ್ ಹಾಕಿ, ಇರುವವರಿಂದಲೇ ಡಬಲ್ ಡ್ಯೂಟಿ ಮಾಡಿಸುವುದು ಈ ವ್ಯವಹಾರದ ಹಳೆಯ ಚಾಳಿ. ರಾತ್ರಿ ಮೂರಕ್ಕೆ ಗಾರ್ಡ್ ತೂಕಡಿಸುವುದು ಇದರಿಂದಲೇ. ಪಿಎಫ್, ಇಎಸ್‌ಐ ಎರಡನ್ನೂ ಮರುತಿಂಗಳ 15ರೊಳಗೆ ಕಟ್ಟಬೇಕು. ಚಲನ್ ಜೊತೆಗಿನ ಹೆಸರುಪಟ್ಟಿಯನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ಟಿಕ್ ಮಾಡಿ. ಎರಡು ತಿಂಗಳು ತಾಳೆಯಾಗದಿದ್ದರೆ ಮೂರನೆಯದಕ್ಕೆ ಕಾಯಬೇಡಿ, ಬಾಕಿಯ ಹೊಣೆ ಕೊನೆಗೆ ಅಸೋಸಿಯೇಷನ್ ತಲೆಗೇ ಬರಬಹುದು. ಆಳಿನ ಲೆಕ್ಕವಿಲ್ಲದ ಒಟ್ಟು ಮೊತ್ತದ ಗುತ್ತಿಗೆ ಅಗ್ಗವಾಗಿ ಕಾಣುತ್ತದೆ, ಆದರೆ ಅದರಲ್ಲಿ ಗೈರುಹಾಜರಿಯಿಂದ ಉಳಿದ ಹಣವೆಲ್ಲ ಕಂಪನಿಯ ಜೇಬಿಗೇ.

ಎರಡನೆಯದು ಎಸ್‌ಟಿಪಿ. ಏರೇಷನ್ ಟ್ಯಾಂಕಿನ, ಅಂದರೆ ಕೊಳಚೆಗೆ ಗಾಳಿ ಊದುವ ತೊಟ್ಟಿಯ, ನೀರನ್ನು ಒಂದು ಲೀಟರಿನ ಅಳತೆಯ ಜಾಡಿಯಲ್ಲಿ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡಿ. ತಳದಲ್ಲಿ 200ರಿಂದ 400 ಮಿಲಿಲೀಟರ್ ಕಂದು ಕೆಸರು, ಮೇಲೆ ತಿಳಿನೀರು, ಮಣ್ಣಿನ ವಾಸನೆ ಇದ್ದರೆ ಸರಿ. ಕೆಸರು ಕಪ್ಪಗಿದ್ದು ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲುತ್ತಿಲ್ಲ. ಗಾಳಿ ಊದುವ ಬ್ಲೋವರ್ ರಾತ್ರಿ ಆಫ್ ಆಗುತ್ತಿದೆಯೇ, ಆ ಗಾಳಿಯನ್ನು ಗುಳ್ಳೆಯಾಗಿ ನೀರಿಗೆ ಬಿಡುವ ಡಿಫ್ಯೂಸರ್ ಕಟ್ಟಿಕೊಂಡಿದೆಯೇ ನೋಡಿ. ಇಲ್ಲಿ ನ್ಯಾಯವಾಗಿ ತೂಗಬೇಕು: ಸದ್ದು ಅಂತ ಕೆಳಮಹಡಿಯವರೇ ಬ್ಲೋವರ್ ನಿಲ್ಲಿಸಲು ಹೇಳಿದ್ದರೆ, ಅಥವಾ ಡಿಫ್ಯೂಸರ್ ಬದಲಿಸುವ ಅಂದಾಜುಪಟ್ಟಿ ಕಮಿಟಿಯ ಮೇಜಿನ ಮೇಲೇ ಕೂತಿದ್ದರೆ, ಯಾವ ಕಂಪನಿ ಬಂದರೂ ನಾತ ಹೋಗದು. ಲಾಗ್‌ಬುಕ್ಕಿನಲ್ಲಿ ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈಬರಹ, ದಿನವೂ ಅದೇ ಅಂಕಿ ಇದ್ದರೆ ಮಾತ್ರ ಅದು ಕಂಪನಿಯದೇ ತಪ್ಪು.

ಜನರೇಟರ್ ಲೆಕ್ಕ ಸುಲಭ. ಹದವಾದ ಲೋಡಿನಲ್ಲಿ ಲೀಟರ್ ಡೀಸೆಲ್‌ಗೆ ಸುಮಾರು ಮೂರು ಯೂನಿಟ್ ಬರುತ್ತದೆ, ಲೋಡ್ ಕಡಿಮೆಯಾದರೆ ಇಳಿಯುತ್ತದೆ. ಲೋಡ್ ಮೊದಲಿನಷ್ಟೇ ಇದ್ದು ಯೂನಿಟ್ ಬಿದ್ದರೆ ಒಂದೋ ಫಿಲ್ಟರ್, ಇಂಜೆಕ್ಟರ್ ಕೆಟ್ಟಿದೆ, ಇಲ್ಲವೇ ಡೀಸೆಲ್ ಹೊರಗೆ ಹೋಗುತ್ತಿದೆ.

ಇಷ್ಟರಲ್ಲಿ ಸಂಬಳದ ಕಡತವೋ ಲಾಗ್‌ಬುಕ್ಕೋ ಸುಳ್ಳೆಂದು ಕಂಡರೆ ಕಂಪನಿ ಬಿಡಿ. ಬರೀ ಸೋಮಾರಿತನವಾದರೆ ಪಟ್ಟಿ ಮಾಡಿ ಲಿಖಿತವಾಗಿ 30 ದಿನ ಕೊಡಿ. ನೋಟಿಸ್ ಅವಧಿ ಎಷ್ಟೆಂದು ಕರಾರಿನಲ್ಲೇ ನೋಡಿಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಕಂಪನಿ ಬದಲಿಸುವ ಕೆಲಸಕ್ಕೆ ಕೈಹಾಕಬೇಡಿ: ಬೋರ್‌ವೆಲ್ ಬತ್ತಿ ಟ್ಯಾಂಕರ್ ಸಾಲುಗಟ್ಟಿದ ಹೊತ್ತಿನಲ್ಲಿ ಯಾವ ವಾಲ್ವ್ ಯಾವ ಬ್ಲಾಕಿನದು ಎಂದು ಗೊತ್ತಿಲ್ಲದ ಹೊಸ ಪ್ಲಂಬರ್ ಇದ್ದರೆ ಮೇಲಿನ ಮಹಡಿಗಳಿಗೆ ನೀರಿಲ್ಲ. ಹಳಬರು, ಹೊಸಬರು ಹದಿನೈದು ದಿನವಾದರೂ ಜೊತೆಗಿರಲಿ, ಆ ದಿನಗಳಲ್ಲೇ ವಾಲ್ವ್‌ಗಳಿಗೆ ತಗಡಿನ ಬಿಲ್ಲೆ ಕಟ್ಟಿಸಿ. ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಕಾರ್ಡ್, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಪತ್ರ, ಲಿಫ್ಟ್ ಪರವಾನಗಿ ಎಲ್ಲಕ್ಕೂ ಸಹಿ ಹಾಕಿಸಿ ಪಡೆಯಿರಿ. ಕೊನೆಯ ತಿಂಗಳ ಪಿಎಫ್ ಚಲನ್ ಕೈಗೆ ಬರುವವರೆಗೆ ಕೊನೆಯ ಬಿಲ್ ತಡೆಹಿಡಿಯಲು ಕರಾರಿನಲ್ಲಿ ಅವಕಾಶವಿರಲಿ. ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್‌ನ ಪಾಸ್‌ವರ್ಡನ್ನು ಹಳೆಯ ಮ್ಯಾನೇಜರ್ ಇನ್ನೂ ಕಾಂಪೌಂಡಿನೊಳಗೆ ಇರುವಾಗಲೇ ಬದಲಿಸಿಕೊಳ್ಳಿ.