ಕಾವೇರಿ ಕಾಡಲ್ಲಿ ಮಹಶೀರ್ ಮೀನು ಹಿಡಿಸ್ತೀವಿ ಅಂತ ಯಾರಾದರೂ ಕರೆದರೆ ಹೋಗಬೇಡಿ

ಗಾಳ ಹಾಕುವ ಹುಚ್ಚಿರುವವರು ದಯವಿಟ್ಟು ಓದಿ. ಮುತ್ತತ್ತಿ, ಸಂಗಮದ ಕಡೆ ಮಹಶೀರ್ ಹಿಡಿಸುತ್ತೇವೆ, ಹಿಡಿದು ವಾಪಸ್ ಬಿಡೋದಷ್ಟೇ, ಪರ್ಮಿಷನ್ ಎಲ್ಲಾ ಇದೆ ಅಂತ ದುಡ್ಡು ತಗೊಳ್ಳುವ ಏಜೆಂಟರಿದ್ದಾರೆ. ಆ ಮಾತು ಶುದ್ಧ ಸುಳ್ಳು. ಅಲ್ಲಿ ಹೊಳೆ ಹರಿಯುವುದು ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದಲ್ಲಿ ಮೀನು ಹಿಡಿಯುವುದೇ ಅಪರಾಧ, ಹಿಡಿದು ಬಿಟ್ಟೆ ಅಂದರೆ ಯಾರೂ ಕೇಳುವುದಿಲ್ಲ.

ಜನ ಇದನ್ನು ಯಾಕೆ ನಂಬುತ್ತಾರೆ ಅಂದರೆ, ಒಂದು ಕಾಲದಲ್ಲಿ ಇದು ನಿಜವೇ ಆಗಿತ್ತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿ ಕ್ಯಾಂಪುಗಳಿಗೆ ದೇಶ ವಿದೇಶದಿಂದ ಗಾಳದವರು ಬರುತ್ತಿದ್ದರು. ಅದೆಲ್ಲ ನಿಂತು ಹತ್ತು ವರ್ಷದ ಮೇಲಾಯಿತು. ನಾವೂ ಹೀಗೇ ಮೋಸ ಹೋದವರು. ನಮ್ಮ ಏಜೆಂಟ್ ಕಳಿಸಿದ್ದು ಆ ಕಾಲದ ಫೋಟೋಗಳನ್ನು, ಜೊತೆಗೆ ಸೀಲು ಹಾಕಿದ ಒಂದು ಪತ್ರ. ಕ್ಯಾಂಪ್ ಖಾಸಗಿ ಜಮೀನಿನಲ್ಲಿದೆ, ಅಲ್ಲಿನ ಹೊಳೆ ಅಭಯಾರಣ್ಯಕ್ಕೆ ಸೇರಲ್ಲ ಅಂದ. ಲೊಕೇಶನ್ ಕಳಿಸಿದ್ದು ಹೊರಡುವ ಹಿಂದಿನ ರಾತ್ರಿ.

ಬೆಳಕು ಹರಿಯುವ ಮೊದಲೇ ಒಬ್ಬ ಹುಡುಗ ನಮ್ಮನ್ನು ಕುರುಚಲು ಕಾಡಿನೊಳಗೆ ನಡೆಸಿಕೊಂಡು ಹೋದ. ಟಾರ್ಚ್ ಹಾಕಬೇಡಿ, ಜೋರಾಗಿ ಮಾತಾಡಬೇಡಿ ಅಂದ. ಆನೆ ಇದೆ ಅದಕ್ಕೆ ಅಂದುಕೊಂಡೆವು. ದಾರಿಯಲ್ಲಿ ಬಿಸಿ ಲದ್ದಿ ಬಿದ್ದಿತ್ತು, ಅದೂ ಸುಳ್ಳಲ್ಲ. ಆದರೆ ಅವನು ಹೆದರಿದ್ದು ಆನೆಗಲ್ಲ, ಅರಣ್ಯ ಇಲಾಖೆ ಗಾರ್ಡುಗಳಿಗೆ. ಬಂಡೆ ಮೇಲೆ ಕೂತು, ಗಾಳಕ್ಕೆ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ ಸಿಕ್ಕಿಸಿ ನೀರಿಗೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತು ಅಷ್ಟೇ, ಆಚೆಯಿಂದ ಯಾರೋ ಕೂಗಿದರು, ತಿರುಗಿ ನೋಡಿದರೆ ಹುಡುಗ ಇಲ್ಲ. ನಮ್ಮನ್ನು ಅಲ್ಲೇ ಬಿಟ್ಟು ಓಡಿದ್ದ. ದಾರಿ ಗೊತ್ತಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಆ ಹೊಳೆಯಲ್ಲಿ ಮೊಸಳೆ ಇದೆ, ಸುಳಿ ಇದೆ, ಮೇಲಿಂದ ನೀರು ಬಿಟ್ಟರೆ ನಿಂತಲ್ಲೇ ಮಟ್ಟ ಏರುತ್ತದೆ. ಗಾರ್ಡುಗಳು ಬಾರದೇ ಇದ್ದಿದ್ದರೆ ಏನಾಗುತ್ತಿತ್ತೋ! ರಾಡು, ರೀಲು ಎಲ್ಲ ಜಪ್ತಿ ಆಯಿತು. ಕೇಸೂ ಆಯಿತು. ಪತ್ರ ತೋರಿಸಿದರೆ ಇದು ನಮ್ಮ ಇಲಾಖೆಯದ್ದೇ ಅಲ್ಲ ಅಂದರು. ಏಜೆಂಟ್ ಫೋನು ಆವತ್ತಿನಿಂದ ಸ್ವಿಚ್ ಆಫ್.

ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಆ ಮೀನಿನ ವಿಷಯಕ್ಕೆ. ಬೆನ್ನಿನ ಮೇಲೆ ಗೂನಿರುವ ಕಾವೇರಿ ಮಹಶೀರ್ ಈ ಹೊಳೆ, ಇದರ ಉಪನದಿಗಳು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಐವತ್ತು ಕಿಲೋ ದಾಟಿ ಬೆಳೆದ ಮೀನು ಅದು. ಲೋಣಾವಳದ ಹ್ಯಾಚರಿಯಿಂದ ಬೇರೆ ಜಾತಿಯ ಮಹಶೀರ್ ಮರಿ ತಂದು ಬಿಟ್ಟಿದ್ದು, ಡೈನಮೈಟ್ ಹಾಕಿದ್ದು, ಅಣೆಕಟ್ಟು ಕಟ್ಟಿದ್ದು ಎಲ್ಲಾ ಸೇರಿ ಅದು ಅಳಿವಿನಂಚಿಗೆ ಬಂದಿದೆ. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅಂಥ ಮೀನನ್ನು ನೀರಿಂದ ಎತ್ತಿ, ಎಲ್ಲರೂ ಒಬ್ಬೊಬ್ಬರಾಗಿ ಹಿಡಿದು ಸೆಲ್ಫಿ ತಗೊಂಡು ಬಿಟ್ಟರೆ ಬದುಕುತ್ತೆ ಅಂತ ಏನು ಗ್ಯಾರಂಟಿ?

ಭೀಮೇಶ್ವರಿ, ಗಾಳಿಬೋರೆಯ ಸರ್ಕಾರಿ ಕ್ಯಾಂಪಿನಲ್ಲಿ ಇವತ್ತಿಗೂ ಉಳಿಯಬಹುದು, ಹೊಳೆ ನೋಡಬಹುದು, ಆದರೆ ಗಾಳ ಹಾಕುವ ಹಾಗಿಲ್ಲ. ಯಾರಾದರೂ ಪರ್ಮಿಷನ್ ಪತ್ರ ತೋರಿಸಿದರೆ ಅದರ ಫೋಟೋ ಕೇಳಿ, ದುಡ್ಡು ಕೊಡುವ ಮೊದಲೇ ಅರಣ್ಯ ಇಲಾಖೆ ಕಚೇರಿಗೆ ಫೋನ್ ಮಾಡಿ. ಫೋಟೋ ಕಳಿಸಲ್ಲ ಅಂದರೆ ಅಲ್ಲಿಗೇ ಬಿಡಿ. ಗಾಳ ಹಾಕಲೇಬೇಕಾದರೆ ಕಾಡಿನ ಹೊರಗಿನ ಕೆರೆಗಳಿವೆ, ಗುತ್ತಿಗೆ ಹಿಡಿದವರನ್ನು ಕೇಳಿಕೊಂಡು ಕೂರಬಹುದು. ಈಗಾಗಲೇ ದುಡ್ಡು ಹಾಕಿದವರು ಚಾಟ್, ಯುಪಿಐ ಸ್ಕ್ರೀನ್‌ಶಾಟ್ ಅಳಿಸಬೇಡಿ, ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.