ವಾರಕ್ಕೊಂದು ಕೇಸು, ಮೂರು ವರ್ಷ: ಪ್ಯಾಲಿಯೇಟಿವ್ ಕೇರ್ ಆನ್‌ಲೈನ್ ತರಬೇತಿ ಹೇಗಿದೆ?

ಪ್ಯಾಲಿಯೇಟಿವ್ ಕೇರ್ ಎಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ. ಇದರ ಆನ್‌ಲೈನ್ ತರಬೇತಿಗೆ ಬರೀ ಡಾಕ್ಟರನ್ನು ಸೇರಿಸಿದರೆ ಕಟ್ಟಿದ ಫೀಸಿನಲ್ಲಿ ಅರ್ಧ ನೀರಿಗೆ ಹಾಕಿದ ಹಾಗೆ. ಅದೇ ವಾರ್ಡಿನ ನರ್ಸ್ ಒಬ್ಬರೂ ಜೊತೆಗೆ ಸೇರಿದ್ದರೆ ಮಾತ್ರ ಕಲಿತದ್ದು ರೋಗಿಯ ಹಾಸಿಗೆವರೆಗೆ ತಲುಪುತ್ತದೆ. ತಾಲ್ಲೂಕು ಮಟ್ಟದ ಆಸ್ಪತ್ರೆಯ ತಂಡವಾಗಿ ಮೂರು ಬ್ಯಾಚ್‌ಗಳಲ್ಲಿ ಬಳಸಿ ಹೇಳುತ್ತಿರುವ ಮಾತಿದು. ಸಂಸ್ಥೆಯ ಹೆಸರು ಬೇಡ. ಇದೇ ಅಚ್ಚಿನ ಕೋರ್ಸುಗಳು ಈಗ ಹಲವಿವೆ, ಗುಣದೋಷಗಳೂ ಹೆಚ್ಚುಕಡಿಮೆ ಒಂದೇ.

ಅಚ್ಚು ಎಂದರೆ ಎಕೋ ಮಾದರಿ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಶುರುಮಾಡಿದ್ದು. ನಡುವೆ ತಜ್ಞರ ಗುಂಪು, ಸುತ್ತ ಸಣ್ಣ ಆಸ್ಪತ್ರೆಗಳು, ವಾರಕ್ಕೊಮ್ಮೆ ವೀಡಿಯೊ ಕಾಲ್. ನಮ್ಮದು ಒಂದೂಕಾಲು ಗಂಟೆ: ಇಪ್ಪತ್ತು ನಿಮಿಷ ಪಾಠ, ಉಳಿದದ್ದೆಲ್ಲ ಕೇಸು. ಪಾಠವನ್ನು ಆಮೇಲೆ ರೆಕಾರ್ಡಿಂಗ್‌ನಲ್ಲಿ ನೋಡಿದರೂ ನಡೆಯುತ್ತದೆ. ಕೇಸಿನ ಭಾಗ ತಪ್ಪಿದರೆ ಆ ವಾರ ಹೋದಂತೆಯೇ.

ಇಡೀ ಕೋರ್ಸಿನಲ್ಲಿ ಬೆಲೆಬಾಳುವ ವಸ್ತು ಕೇಸ್ ಫಾರ್ಮ್. ವಯಸ್ಸು, ಕಾಯಿಲೆ, ಈಗಿನ ಔಷಧಿಗಳು ಡೋಸ್ ಮತ್ತು ಹೊತ್ತಿನ ಸಮೇತ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ), ಕಾಯಿಲೆಯ ಬಗ್ಗೆ ರೋಗಿಗೆಷ್ಟು ಗೊತ್ತು, ಮನೆಯವರಿಗೆಷ್ಟು ಗೊತ್ತು, ರಾತ್ರಿ ಪಕ್ಕದಲ್ಲಿ ಯಾರಿರುತ್ತಾರೆ. ‘ಕೊನೆಯ ಸಲ ಮೋಷನ್ ಆದದ್ದು ಯಾವಾಗ?’ ಎಂಬ ಕಾಲಂ ಅನ್ನು ಹತ್ತರಲ್ಲಿ ಎಂಟು ಮಂದಿ ಖಾಲಿ ಬಿಡುತ್ತಾರೆ. ತಜ್ಞರು ಮೊದಲು ಕೇಳುವುದೂ ಅದನ್ನೇ. ಹೆಸರು, ಆಸ್ಪತ್ರೆಯ ಒಳರೋಗಿ (ಐಪಿ) ನಂಬರು, ಮುಖ ಕಾಣುವ ಫೋಟೊ ಫಾರ್ಮ್‌ನಲ್ಲಿ ಇರಬಾರದು. ಸ್ಕ್ಯಾನ್ ಚಿತ್ರದ ಮೂಲೆಯಲ್ಲಿ ಹೆಸರು ಅಚ್ಚಾಗಿರುತ್ತದೆ, ಅದನ್ನು ಅಳಿಸುವುದನ್ನೇ ಜನ ಮರೆಯುತ್ತಾರೆ.

ಬಲವಾದ ನೋವುನಿವಾರಕ ಮಾರ್ಫಿನ್ ಬಗ್ಗೆ ಪಾಠದ ಸ್ಲೈಡಿನಲ್ಲಿರುವ ಕೇಸೊಂದರ ಲೆಕ್ಕ ನೋಡಿ. ಬಾಯಿ ಕ್ಯಾನ್ಸರ್, ಅದಕ್ಕಿಂತ ಕಡಿಮೆ ಬಲದ ನೋವುನಿವಾರಕ ಟ್ರಮಡಾಲ್ 50 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲ, ಆದರೂ ನೋವು ಹತ್ತಕ್ಕೆ ಎಂಟು, ಕಿಡ್ನಿ ಸರಿಯಿದೆ. ಟ್ರಮಡಾಲ್ ನಿಲ್ಲಿಸಿ, ಬಾಯಿಯ ಮೂಲಕ ಮಾರ್ಫಿನ್ 5 ಮಿ.ಗ್ರಾಂ ನಾಲ್ಕು ಗಂಟೆಗೊಮ್ಮೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಐದೈದು; ರಾತ್ರಿ 10ಕ್ಕೆ ಹತ್ತು, 2 ಗಂಟೆಗೆ ಎಬ್ಬಿಸುವುದು ತಪ್ಪಲಿ ಎಂದು. ಒಟ್ಟು 30. ನಡುವೆ ನೋವು ಕಾಣಿಸಿಕೊಂಡರೆ ದಿನದ ಡೋಸಿನ ಆರನೇ ಒಂದು ಪಾಲು, ಅಂದರೆ 5. ಒಂದು ದಿನದಲ್ಲಿ ಮೂರು ಸಲ ಹೆಚ್ಚುವರಿ ಬೇಕಾದರೆ ಮರುದಿನದ ಒಟ್ಟು 45, ಸಲಕ್ಕೆ ಏಳೂವರೆ.

ಸ್ಲೈಡ್ ಇಲ್ಲಿಗೆ ಮುಗಿಯುತ್ತದೆ, ವಾರ್ಡಿನ ತಾಪತ್ರಯ ಶುರುವಾಗುತ್ತದೆ. ಕೈಯಲ್ಲಿರುವುದು 10 ಮಿ.ಗ್ರಾಂ ಮಾತ್ರೆ. ಅದನ್ನು ಅರ್ಧ ಮಾಡಬಹುದು. ಕಾಲು ಮಾಡಹೋದರೆ ಪುಡಿಯಾಗುತ್ತದೆ. ಏಳೂವರೆ ತರುವುದು ಎಲ್ಲಿಂದ? ಚರ್ಚೆಯಲ್ಲಿ ಹಿರಿಯ ನರ್ಸ್ ಒಬ್ಬರು ಕೊಟ್ಟ ಉಪಾಯ: 10, 5, 10, 5, ರಾತ್ರಿಗೆ 15. ಲೆಕ್ಕ ಸರಿಯಾಗಿ 45. ಇಂಥದ್ದು ಸ್ಲೈಡಿನಲ್ಲಿ ಬರುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಕೋರ್ಸ್ ಚೆನ್ನಾಗಿ ತಲೆಗೆ ಹಾಕುತ್ತದೆ. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೆ ಕೊಡುವ ಬಿಸಾಕೋಡಿಲ್ 10 ಮಿ.ಗ್ರಾಂ ರಾತ್ರಿಗೆ ಬರೆಯಬೇಕು. ವಾಕರಿಕೆ ನಾಲ್ಕೈದು ದಿನಕ್ಕೆ ತಗ್ಗುತ್ತದೆ, ಮಲಬದ್ಧತೆ ತಗ್ಗುವುದಿಲ್ಲ. ಇನ್ನೊಂದು, ಕಿಡ್ನಿ ಸೋತಿದ್ದರೆ ಮಾರ್ಫಿನ್ ಒಡೆದು ಹುಟ್ಟುವ ವಸ್ತುಗಳು ಮೈಯಲ್ಲೇ ಉಳಿಯುತ್ತವೆ. ಕೈಕಾಲು ಇದ್ದಕ್ಕಿದ್ದಂತೆ ಬೆಚ್ಚುವುದು, ಮಂಪರು, ಇಲ್ಲದ್ದು ಕಾಣುವುದು ಅದರ ಗುರುತು. ಬೆಚ್ಚುವುದನ್ನು ನೋವೆಂದು ತಿಳಿದು ಡೋಸ್ ಏರಿಸುವುದೇ ದೊಡ್ಡ ತಪ್ಪು.

ದೋಷಗಳಿಗೆ ಬರೋಣ. ಕೆಲವು ಸ್ಲೈಡುಗಳು ಬ್ರಿಟನ್ನಿನಿಂದ ಎತ್ತಿದ ಹಾಗಿವೆ. ಮಾರ್ಫಿನ್ ಜಾತಿಯದೇ ಆದ ಡಯಾಮಾರ್ಫಿನ್ ಡೋಸ್ ಹೇಳಿಕೊಡುತ್ತಾರೆ, ಆ ಔಷಧಿ ನಮ್ಮ ದೇಶದಲ್ಲಿ ಸಿಗುವುದಿಲ್ಲ. ಔಷಧಿಯನ್ನು ನಿಧಾನವಾಗಿ ಒಂದೇ ಸಮ ಹರಿಸುವ ಯಂತ್ರವಾದ ಸಿರಿಂಜ್ ಡ್ರೈವರ್‌ಗೆ ಒಂದಿಡೀ ಪಾಠ ಮೀಸಲು. ನಮ್ಮಲ್ಲಿ ನಡೆಯುವುದು ಚರ್ಮದಡಿ ಬಟರ್‌ಫ್ಲೈ ಸೂಜಿ ಇಟ್ಟು, ಬಾಯಿಯ ಡೋಸಿನ ಅರ್ಧದಷ್ಟನ್ನು ನಾಲ್ಕು ಗಂಟೆಗೊಮ್ಮೆ ಕೊಡುವುದು.

ಅದಕ್ಕಿಂತ ಕೆಟ್ಟದ್ದು ಹಳಸಿದ ಕಾನೂನು ಪಾಠ. ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ (ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಮ್ಯಾಜಿಸ್ಟ್ರೇಟರ ಸಹಿ ಬೇಕೆಂದು ರೆಕಾರ್ಡಿಂಗ್ ಈಗಲೂ ಹೇಳುತ್ತದೆ. ಅದು ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಮಾತು. 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸಡಿಲಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಹಳೆಯ ವೀಡಿಯೊ ನಂಬಿಕೊಂಡರೆ ಮನೆಯವರನ್ನು ಕೋರ್ಟಿಗೆ ಅಲೆಸಬೇಕಾಗುತ್ತದೆ.

ಮಾತಿನ ತರಬೇತಿ ಇಂಗ್ಲಿಷಿನಲ್ಲಿ ನಡೆಯುವುದು ಇನ್ನೊಂದು ಕೊರತೆ. ‘ನಿಮ್ಮ ಕಾಯಿಲೆ ಬಗ್ಗೆ ನಿಮಗೆಷ್ಟು ಗೊತ್ತು?’ ಎಂದು ಕನ್ನಡದಲ್ಲಿ ಕೇಳಿದರೆ ಪರೀಕ್ಷೆಯಲ್ಲಿ ಕೇಳಿದ ಹಾಗಾಗುತ್ತದೆ, ರೋಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಹೋದ ಸಲ ತೋರಿಸಿದಾಗ ಡಾಕ್ಟ್ರು ಏನಂದ್ರು?’ ಎಂದರೆ ಮಾತು ತಾನಾಗಿ ಬರುತ್ತದೆ. ‘ಅವರಿಗೇನೂ ಹೇಳ್ಬೇಡಿ ಡಾಕ್ಟ್ರೇ’ ಎಂದು ಬಾಗಿಲಲ್ಲೇ ತಡೆಯುವ ಮಗನಿಗೆ ರೋಗಿಯ ಹಕ್ಕಿನ ಭಾಷಣ ಕೆಲಸಕ್ಕೆ ಬರುವುದಿಲ್ಲ. ‘ಹೇಳಿದರೆ ಏನಾದೀತು ಅಂತ ನಿಮಗೆ ಭಯ?’ ಎಂದು ಕೇಳಿ ಸುಮ್ಮನಿರಬೇಕು. ನೋವಿನ 0–10 ಅಳತೆ ಅರ್ಥವಾಗದ ಹಿರಿಯರಿಗೆ ‘ರೂಪಾಯಿಗೆ ಎಷ್ಟಾಣೆ?’ ಎಂದರೆ ಥಟ್ಟನೆ ಉತ್ತರ ಸಿಗುತ್ತದೆ. ಉರಿ, ಜೋಮು, ‘ಕರೆಂಟ್ ಹೊಡೆದ ಹಾಗೆ’ ಎಂದರೆ ನರದ ನೋವಿರಬಹುದು, ಮಾರ್ಫಿನ್ ಒಂದೇ ಸಾಲದು. ಇಂಥ ಪದಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕಾಯಿತು.

ಕೊನೆಯ ಹತ್ತು ದಿನದ ಪ್ರಾಯೋಗಿಕ ತರಬೇತಿಗೆ ಮಾತ್ರ ಪೂರ್ತಿ ಅಂಕ. ಗಾಯದಲ್ಲಿ ಹುಳು ಬಿದ್ದಿದ್ದರೆ ಟರ್ಪೆಂಟೈನ್ ಅನ್ನು ಗಾಯದೊಳಗೆ ಸುರಿಯಬಾರದು. ಅದರಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಅಂಚಿಗೆ ಹಿಡಿದರೆ ಹುಳುಗಳು ಮೇಲೆ ಬರುತ್ತವೆ, ಆಗ ಚಿಮಟದಿಂದ ತೆಗೆಯಬೇಕು. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುವುದು. ಇದನ್ನು ವೀಡಿಯೊ ನೋಡಿ ಕಲಿತವರು ಮೊದಲ ಸಲ ವಾಸನೆಗೇ ಹಿಂದೆ ಸರಿಯುತ್ತಾರೆ. ಈ ಹತ್ತು ದಿನವೂ ‘ಆನ್‌ಲೈನ್‌ನಲ್ಲೇ ಮುಗಿಸಿ’ ಎನ್ನುವ ಬ್ಯಾಚ್‌ಗೆ ಸೇರಬೇಡಿ.

ಸರ್ಟಿಫಿಕೇಟ್ ವಿಷಯ ಚಿಕ್ಕದು. ವೈದ್ಯರು ಐದು ವರ್ಷಕ್ಕೆ 30 ಗಂಟೆಯ ಕಲಿಕೆ ತೋರಿಸಬೇಕಾದ ಲೆಕ್ಕಕ್ಕೆ ಬೇಕಿದ್ದರೆ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಮಂಜೂರಾತಿ ಇದೆಯೇ ಎಂದು ಫೀಸು ಕಟ್ಟುವ ಮುಂಚೆಯೇ ಕೇಳಿ. ಮಾದಕ ವಸ್ತುಗಳ ಕಾನೂನಿಗೆ (ಎನ್‌ಡಿಪಿಎಸ್) 2014ರಲ್ಲಿ ಬಂದ ತಿದ್ದುಪಡಿಯ ನಂತರ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗೆ ಮಾನ್ಯತೆ ಬೇಕು, ಅದಕ್ಕೆ ತರಬೇತಿ ಪಡೆದ ವೈದ್ಯರಿರಬೇಕು. ಆ ಒಬ್ಬರೇ ವರ್ಗವಾಗಿ ಹೋದರೆ ಬೀರುವಿನಲ್ಲಿ ಮಾತ್ರೆ ಇದ್ದೂ ಬರೆಯುವವರಿಲ್ಲ. ಆದ್ದರಿಂದ ಮುಂದಿನ ಬ್ಯಾಚ್‌ಗೆ ಇಬ್ಬರು ವೈದ್ಯರು, ಇಬ್ಬರು ನರ್ಸ್‌ಗಳ ಹೆಸರು ಕೊಟ್ಟಿದ್ದೇವೆ. ಒಪಿಡಿ ಹೊತ್ತಿಗೆ ಬೀಳದ, ಮಧ್ಯಾಹ್ನ ಮೂರರ ಸ್ಲಾಟ್ ಕೇಳಿದ್ದೇವೆ.